ಮರ ನೆಟ್ಟವರ ಲೆಕ್ಕ: ಆಲಿವ್ ರೈತರು, ಬದಲಾದ ಹವೆ ಮತ್ತು ನಮ್ಮ ತೋಟಗಳು

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಓದುವವರಿಗೆ ಸುಲಭವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2024ರ ಏಪ್ರಿಲ್ 28 ನೆನಪಿದೆಯಾ? ತಾರೀಖು ಮರೆತಿದ್ದರೂ ಆ ಬೇಸಿಗೆ ಮರೆತಿರಲ್ಲ. ಅವತ್ತು ಬೆಂಗಳೂರಿನಲ್ಲಿ 38.5 ಡಿಗ್ರಿ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿದ್ದ ದಿನಗಳು. ಅದಕ್ಕೆ ಹೆಚ್ಚುಕಮ್ಮಿ ಒಂದು ವರ್ಷ ಮುಂಚೆ, 2023ರ ಏಪ್ರಿಲ್ 27ರಂದು, ಸ್ಪೇನಿನ ಕಾರ್ಡೊಬಾದಲ್ಲಿ 38.8 ಡಿಗ್ರಿ ದಾಖಲಾಯಿತು. ಸ್ಪೇನಿನ ಮುಖ್ಯ ಭೂಭಾಗದಲ್ಲಿ ಏಪ್ರಿಲ್ ತಿಂಗಳಲ್ಲಿ ಅಷ್ಟು ಬಿಸಿಲು ಅದುವರೆಗೆ ಯಾವತ್ತೂ ದಾಖಲಾಗಿರಲಿಲ್ಲ. ನಮಗೆ ಏಪ್ರಿಲ್ ಬಿಸಿಲು ಅಂದರೆ ನಿದ್ದೆ ಬರದ ರಾತ್ರಿ, ಜಾಸ್ತಿ ಕರೆಂಟ್ ಬಿಲ್ಲು. ಕಾರ್ಡೊಬಾ, ಹಾಯೆನ್ ಸುತ್ತಲಿನ ರೈತರಿಗೆ ಅದು ಆಲಿವ್ ಮರ ಹೂವಿಗೆ ಬರುವ ಹೊತ್ತು.

ಆಲಿವ್ ಹೂವು ತೀರಾ ಚಿಕ್ಕದು. ಗೊಂಚಲು ಗೊಂಚಲಾಗಿ ಬಿಡುತ್ತದೆ. ಪರಾಗಸ್ಪರ್ಶಕ್ಕೆ ಹೆಚ್ಚಾಗಿ ಗಾಳಿಯನ್ನೇ ನಂಬಿದೆ. ಆ ಕೆಲವೇ ದಿನಗಳಲ್ಲಿ ಒಣ ಬಿಸಿಗಾಳಿ ಬೀಸಿದರೆ ಹೂವು ಕಾಯಿ ಕಚ್ಚುವುದಿಲ್ಲ, ಉದುರಿ ಹೋಗುತ್ತದೆ. ಆಮೇಲೆ ಇಡೀ ವರ್ಷ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಆ ವರ್ಷದ ಬೆಳೆ ವಾಪಸ್ ಬರಲ್ಲ. ಅದಕ್ಕೆ ಹಿಂದಿನ ವರ್ಷವೂ ಬರವೇ. 2021-22ರ ಸುಗ್ಗಿಯಲ್ಲಿ ಸುಮಾರು 15 ಲಕ್ಷ ಟನ್ ಎಣ್ಣೆ ತೆಗೆದಿದ್ದ ಸ್ಪೇನ್, ಮರುವರ್ಷ ತೆಗೆದದ್ದು 7 ಲಕ್ಷ ಟನ್ನಿಗೂ ಕಮ್ಮಿ. ಅದರ ಮುಂದಿನ ವರ್ಷವೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಒಳ್ಳೆಯ ವರ್ಷದಲ್ಲಿ ಜಗತ್ತಿನ ಆಲಿವ್ ಎಣ್ಣೆಯ ಐದರಲ್ಲಿ ಎರಡು ಪಾಲು ಆ ಒಂದೇ ದೇಶದಿಂದ ಬರುತ್ತದೆ. ಹಾಗಾಗಿ 2024ರ ಜನವರಿ ಹೊತ್ತಿಗೆ ಅಲ್ಲಿನ ಗಾಣಗಳಲ್ಲೇ ಒಳ್ಳೆ ಎಣ್ಣೆ ಕಿಲೋಗೆ ಸುಮಾರು 9 ಯೂರೋ ಮುಟ್ಟಿತು. ನಮ್ಮ ಜಯನಗರದ ಅಂಗಡಿಗಳಲ್ಲಿ ಆಲಿವ್ ಎಣ್ಣೆ ಬಾಟಲಿ ಹಿಡಿದು ಬೆಲೆ ನೋಡಿ ವಾಪಸ್ ಇಟ್ಟವರು ಈ ಸಭೆಯಲ್ಲೂ ಕೆಲವರು ಇರುತ್ತೀರಿ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಮರದ ಕೆಳಗೆ ನಿಂತವರ ಬಗ್ಗೆ. ಅವರು ಇದನ್ನೆಲ್ಲ ಹೇಗೆ ನೋಡುತ್ತಾರೆ, ಹೊಸ ಪದ್ಧತಿಗಳನ್ನು ಯಾಕೆ ಒಪ್ಪುತ್ತಾರೆ, ಯಾಕೆ ಒಪ್ಪಲ್ಲ.

ಪಟ್ಟಣದ ಜನ, ಅಧಿಕಾರಿಗಳು, ಕೆಲವು ಸಲ ಸಂಶೋಧಕರೂ ರೈತರ ಮುಂದೆ ಹೋಗಿ ಕೇಳುವ ಮೊದಲ ಪ್ರಶ್ನೆ: ಹವಾಮಾನ ಬದಲಾವಣೆಯನ್ನು ನೀವು ನಂಬುತ್ತೀರಾ? ನನಗೆ ಈ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ ಅನ್ನಿಸಿದೆ. ಮಳೆ ಬರುವ ತಿಂಗಳು ಬದಲಾಗಿದ್ದನ್ನು ಮೊದಲು ಕಂಡವರೇ ಅವರು. ಮೆಡಿಟರೇನಿಯನ್ ಕಡೆಯ ಆಲಿವ್ ರೈತರನ್ನು ಮಾತಾಡಿಸಿದವರೆಲ್ಲ ಹೇಳುವುದು ಒಂದೇ. ಹೂವು ಮೊದಲಿಗಿಂತ ಬೇಗ ಬರುತ್ತಿದೆ, ಚಳಿಗಾಲದಲ್ಲಿ ಚಳಿ ಸಾಲುತ್ತಿಲ್ಲ, ಮಳೆ ಬಂದರೆ ಮಣ್ಣು ಕೊಚ್ಚಿಕೊಂಡು ಹೋಗುವಂತೆ ಬರುತ್ತದೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ. ಇದಕ್ಕೆ ಕಾರಣ ಮನುಷ್ಯರ ಹೊಗೆಯಾ, ಪ್ರಕೃತಿಯ ಏರುಪೇರಾ ಅಂತ ಕೇಳಿದಾಗ ಉತ್ತರಗಳು ಬೇರೆಬೇರೆ ಆಗುತ್ತವೆ. ಆದರೆ ತೋಟದಲ್ಲಿ ಏನು ಮಾಡುತ್ತಾರೆ ಅನ್ನುವುದು ಆ ಉತ್ತರದ ಮೇಲೆ ಅಷ್ಟಾಗಿ ನಿಂತಿಲ್ಲ. ಬದಲಾಯಿಸುವ ಖರ್ಚು ಯಾರು ಹೊರುತ್ತಾರೆ, ಎಷ್ಟು ವರ್ಷ ಹೊರಬೇಕು, ತಪ್ಪಾದರೆ ಜೊತೆಗೆ ಯಾರು ನಿಲ್ಲುತ್ತಾರೆ ಅನ್ನುವುದರ ಮೇಲೆ ನಿಂತಿದೆ. ನನ್ನ ಇಡೀ ಮಾತು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನಮ್ಮಲ್ಲೂ ಹಾಗೇ ಅಲ್ವಾ? ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಹೇಳಿಕೊಂಡು ಬಂದ ಜನ ನಾವು. ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರು ಮಳೆಯನ್ನು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡುತ್ತಾರೆ. ಅಜ್ಜ ಬರೆದ ಪುಸ್ತಕದ ಮುಂದಿನ ಹಾಳೆಗಳಲ್ಲಿ ಮೊಮ್ಮಗ ಬರೆಯುವ ಮನೆಗಳಿವೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬರಬೇಕು, ಅದಾಗಿ ಕೆಲವು ವಾರಕ್ಕೆ ಇನ್ನೊಂದು ಮಳೆ ಬರಬೇಕು, ಆಗ ಕಾಫಿ ಕಾಯಿ ನಿಲ್ಲುತ್ತದೆ. ಆ ಮನೆಯವರ ಹತ್ತಿರ ಹೋಗಿ ಹವಾಮಾನ ಬದಲಾಗಿದೆ ಅಂತ ನಂಬುತ್ತೀರಾ ಅಂತ ಕೇಳಿದರೆ ಅವರು ಆ ಪುಸ್ತಕವನ್ನೇ ತಂದು ನಮ್ಮ ಮುಂದೆ ಇಡುತ್ತಾರೆ.

ಈಗ ಮರದ ವಿಷಯಕ್ಕೆ ಬರೋಣ. ರಾಗಿ ಕೈಕೊಟ್ಟರೆ ಮುಂದಿನ ವರ್ಷ ಹುರುಳಿ ಹಾಕಬಹುದು. ಆಲಿವ್ ಮರವನ್ನು ಹಾಗೆ ಬದಲಾಯಿಸಲು ಆಗಲ್ಲ. ಹಳೆ ಪದ್ಧತಿಯ ತೋಟದಲ್ಲಿ ಒಂದು ಮರ ಸರಿಯಾಗಿ ಫಲಕ್ಕೆ ಬರಲು ಹತ್ತು ವರ್ಷದ ಹತ್ತಿರ ಬೇಕು. ಬಂದಮೇಲೆ ನೂರಾರು ವರ್ಷ ಬಾಳುತ್ತದೆ. ಅದೂ ನಮ್ಮ ಮಾವಿನ ಹಾಗೆ ಒಂದು ವರ್ಷ ಕೊಂಬೆ ಬಾಗುವಷ್ಟು ಬಿಟ್ಟು ಮರುವರ್ಷ ಕೈಕೊಡುವ ಜಾತಿ. ಹೂಮೊಗ್ಗು ಕಟ್ಟಲು ಚಳಿಗಾಲದ ಚಳಿ ಬೇಕೇ ಬೇಕು. 2023ರಲ್ಲಿ ಗ್ರೀಸಿನಲ್ಲಿ ಬೆಳೆ ಕುಸಿದಾಗ ಅಲ್ಲಿನವರು ತೋರಿಸಿದ್ದು ಬೆಚ್ಚಗಿದ್ದ ಚಳಿಗಾಲದ ಕಡೆಗೆ. ಇಂಥ ಮರ ನೆಟ್ಟವರು ಇವತ್ತು ತೆಗೆದುಕೊಳ್ಳುವ ತೀರ್ಮಾನದ ಫಲ ಮಕ್ಕಳ ಕಾಲಕ್ಕೆ ಗೊತ್ತಾಗುತ್ತದೆ. ಆ ಮಕ್ಕಳು ತೋಟಕ್ಕೆ ಬರುತ್ತಾರಾ? 2020ರ ಲೆಕ್ಕದ ಪ್ರಕಾರ ಯುರೋಪಿಯನ್ ಒಕ್ಕೂಟದಲ್ಲಿ ಜಮೀನು ನಡೆಸುವವರಲ್ಲಿ 40 ವರ್ಷದ ಒಳಗಿನವರು ನೂರಕ್ಕೆ 12 ಮಂದಿ ಮಾತ್ರ. ಅರ್ಧಕ್ಕಿಂತ ಜಾಸ್ತಿ ಜನ 55 ದಾಟಿದವರು. 65 ವರ್ಷದ ಒಬ್ಬರಿಗೆ, ಮಗ ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿರುವಾಗ, ಮುಂದಿನ 30 ವರ್ಷಕ್ಕೆ ಮಣ್ಣು ಉಳಿಸಿ ಅಂತ ಹೇಳುವುದು ಎಷ್ಟು ಕಷ್ಟದ ಮಾತು ಯೋಚಿಸಿ. ಮ್ಯಾಡ್ರಿಡ್ ತೆಗೆದು ಬೆಂಗಳೂರು ಅಂತ ಹಾಕಿ. ಈ ಹಾಲ್‌ನಲ್ಲಿ ಕೂತ ಅರ್ಧ ಜನರ ಮನೆ ಕಥೆ ಅದು.

ಇನ್ನು ಹುಲ್ಲಿನ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕಂದರೆ ಆಲಿವ್ ರೈತರ ಮನಸ್ಸು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಸ್ಪೇನಿನ ಹಾಯೆನ್ ಪ್ರಾಂತ್ಯದಲ್ಲಿ ಆರು ಕೋಟಿಗೂ ಜಾಸ್ತಿ ಆಲಿವ್ ಮರಗಳಿವೆ. ಗುಡ್ಡದ ಮೇಲೆ, ಇಳಿಜಾರಿನಲ್ಲಿ, ಕಣ್ಣು ಹಾಯಿಸಿದಷ್ಟು ದೂರ ಸಾಲು ಸಾಲು. ಸಾಲುಗಳ ನಡುವೆ ಬರೀ ಮಣ್ಣು. ತಲೆಮಾರುಗಳಿಂದ ಅವರು ಉತ್ತು ಉತ್ತು, ಆಮೇಲೆ ಕಳೆನಾಶಕ ಹೊಡೆದು, ಒಂದು ಹುಲ್ಲುಕಡ್ಡಿ ಇಲ್ಲದ ಹಾಗೆ ಇಟ್ಟುಕೊಂಡು ಬಂದಿದ್ದಾರೆ. ಅಲ್ಲಿ ಚೊಕ್ಕಟ ನೆಲ ಅಂದರೆ ಒಳ್ಳೆಯ ರೈತನ ಗುರುತು. ಹುಲ್ಲು ಬೆಳೆದ ತೋಟ ಸೋಮಾರಿಯ ತೋಟ. ಇಂಥ ಬೋಳು ಇಳಿಜಾರಿನ ಮೇಲೆ ಜೋರು ಮಳೆ ಬಿದ್ದಾಗ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಕೆಲವು ಕಡೆ ಹಳೆ ಮರಗಳ ಬೇರು ನೆಲದ ಮೇಲೆ ಎದ್ದು ನಿಂತಿದೆ. ಮರ ಮೇಲೆ ಬಂದದ್ದಲ್ಲ, ಮಣ್ಣು ಕೆಳಗೆ ಹೋದದ್ದು. ಪರಿಹಾರ ಎಲ್ಲರಿಗೂ ಗೊತ್ತು: ಚಳಿಗಾಲದ ಮಳೆಯಲ್ಲಿ ಸಾಲುಗಳ ನಡುವೆ ಹುಲ್ಲು ಬೆಳೆಯಲು ಬಿಡಿ, ವಸಂತದಲ್ಲಿ ಕತ್ತರಿಸಿ ಅಲ್ಲೇ ಹಾಸಿ, ಸವರಿದ ಕೊಂಬೆಗಳನ್ನು ಸುಡದೆ ಪುಡಿ ಮಾಡಿ ನೆಲಕ್ಕೆ ಹಾಕಿ. ಮಣ್ಣು ನಿಲ್ಲುತ್ತದೆ, ನೀರು ಇಂಗುತ್ತದೆ, ಮಣ್ಣಿನಲ್ಲಿ ಇಂಗಾಲವೂ ಉಳಿಯುತ್ತದೆ.

ಆದರೂ ಯಾಕೆ ಎಲ್ಲರೂ ಮಾಡಲಿಲ್ಲ? ಒಂದು, ಊರಿನವರ ಮಾತು. ಕಾಫಿ ಅಂಗಡಿಯಲ್ಲಿ ಪಕ್ಕದ ತೋಟದವರು ಕೇಳುತ್ತಾರೆ, ಏನಪ್ಪಾ ಹುಷಾರಿಲ್ವಾ, ತೋಟ ಹಾಗೇ ಬಿಟ್ಟಿದ್ದೀಯಲ್ಲ ಅಂತ. ಈ ಮಾತಿನ ಭಾರ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಇನ್ನೊಂದು ನಿಜವಾದ ಲೆಕ್ಕ. ಸ್ಪೇನಿನ ಆಲಿವ್ ತೋಟಗಳಲ್ಲಿ ಹೆಚ್ಚಿನ ಭಾಗ ಮಳೆ ಆಶ್ರಯದ್ದು. ಅಲ್ಲಿ ಹುಲ್ಲೂ ನೀರು ಕುಡಿಯುತ್ತದೆ. ವಸಂತದಲ್ಲಿ ಸರಿಯಾದ ವಾರದಲ್ಲಿ ಕತ್ತರಿಸದಿದ್ದರೆ, ಮರಕ್ಕೆ ಬೇಕಾದ ತೇವವನ್ನು ಹುಲ್ಲೇ ಮುಗಿಸಿಬಿಡುತ್ತದೆ. ಹಾಗಾಗಿ ಅವರ ಭಯ ಮೂಢನಂಬಿಕೆಯಲ್ಲ. ಭಯಕ್ಕೆ ಕಾರಣ ಇದೆ. ಅದನ್ನು ಒಪ್ಪಿಕೊಂಡು ಮಾತು ಶುರು ಮಾಡಿದವರ ಮಾತು ನಡೆಯಿತು, ರೈತರಿಗೆ ತಿಳಿವಳಿಕೆ ಇಲ್ಲ ಅಂದುಕೊಂಡು ಹೋದವರದ್ದು ನಡೆಯಲಿಲ್ಲ. ಯುರೋಪಿನ ಕೃಷಿ ನೀತಿಯಲ್ಲಿ 2023ರಿಂದ ಇಂಥ ಹೊದಿಕೆಗೆ ಪ್ರತಿ ಹೆಕ್ಟೇರಿಗೆ ಹಣ ಕೊಡುವ ಯೋಜನೆ ಬಂತು. ತುಂಬಾ ಜನ ಹುಲ್ಲು ಬಿಟ್ಟರು. ಹಣಕ್ಕಾಗಿ ಮಾಡಿದರು, ಮನಸ್ಸು ಬದಲಾಗಿಲ್ಲ ಅಂತ ಆಕ್ಷೇಪಿಸುವವರು ಇದ್ದಾರೆ. ಅದರಲ್ಲಿ ನನಗೇನೂ ತಪ್ಪು ಕಾಣಲ್ಲ. ಪಕ್ಕದ ನಾಲ್ಕು ತೋಟದಲ್ಲಿ ಹುಲ್ಲು ಕಂಡಮೇಲೆ ಐದನೆಯವರಿಗೆ ನಾಚಿಕೆ ಇರುವುದಿಲ್ಲ.

ಹಕ್ಕಿಗಳ ವಿಷಯದಲ್ಲೂ ಇದೇ ಆಯಿತು. ಸ್ಪೇನಿನಲ್ಲಿ 2015ರಲ್ಲಿ ಶುರುವಾದ 'ಓಲಿವಾರೆಸ್ ವಿವೋಸ್' ಅನ್ನುವ ಯೋಜನೆ ತೋಟದಲ್ಲಿ ಹುಲ್ಲು, ಬೇಲಿಗಿಡ, ಸಣ್ಣ ನೀರಿನ ಹೊಂಡ ವಾಪಸ್ ತಂದು, ಅಲ್ಲಿ ಹಕ್ಕಿ, ಜೇನು, ಇರುವೆ ಎಷ್ಟು ಜಾಸ್ತಿ ಆಯಿತು ಅಂತ ಎಣಿಸಿ, ಆ ಎಣ್ಣೆಗೆ ಬೇರೆ ಗುರುತಿನ ಚೀಟಿ ಕೊಟ್ಟು ಮಾರಲು ದಾರಿ ಮಾಡಿತು. ಉಪದೇಶಕ್ಕಿಂತ ಎಣಿಕೆ ಮತ್ತು ಮಾರುಕಟ್ಟೆ ಅಲ್ಲಿ ಕೆಲಸ ಮಾಡಿತು. ನನಗೆ ತುಂಬಾ ಇಷ್ಟವಾದ ಕೆಲಸ ಅದು.

ಈಗ ಇಟಲಿಗೆ ಹೋಗೋಣ. ಅಲ್ಲಿ ಇದೇ ಹುಲ್ಲಿನ ಕಥೆ ಉಲ್ಟಾ.

ಇಟಲಿಯ ತೆಂಕಣ ತುದಿಯಲ್ಲಿ ಪುಲಿಯಾ ಅಂತ ಪ್ರದೇಶ. ಅಲ್ಲಿನ ಸಲೆಂಟೊದಲ್ಲಿ 2013ರಲ್ಲಿ ಆಲಿವ್ ಮರಗಳು ತುದಿಯಿಂದ ಒಣಗಲು ಶುರುವಾದಾಗ ಕಾರಣವಾಗಿ ಪತ್ತೆಯಾದದ್ದು ಕ್ಸೈಲೆಲ್ಲಾ ಅನ್ನುವ ಬ್ಯಾಕ್ಟೀರಿಯಾ. ಮರದೊಳಗೆ ನೀರು ಏರುವ ನಾಳಗಳಲ್ಲೇ ಇದು ಕೂತುಬಿಡುತ್ತದೆ. ಮರ ನಿಂತಲ್ಲೇ ಬಾಯಾರಿ ಸಾಯುತ್ತದೆ. ಮಧ್ಯ ಅಮೆರಿಕದಿಂದ ತಂದ ಅಲಂಕಾರದ ಕಾಫಿ ಗಿಡದ ಜೊತೆ ಇದು ಬಂದಿರಬೇಕು ಅಂತ ವಿಜ್ಞಾನಿಗಳು ಹೇಳುತ್ತಾರೆ. ಕಾಫಿ ಸೀಮೆಯವರಾದ ನಾವು ಇದನ್ನು ಗಮನವಿಟ್ಟು ಕೇಳಬೇಕು. ಇಲ್ಲಿಯವರೆಗೆ ಲಕ್ಷಗಟ್ಟಲೆ ಮರ ಸತ್ತಿವೆ. ಅದರಲ್ಲಿ ಎಷ್ಟೋ ಮರಗಳು ಹತ್ತಾರು ತಲೆಮಾರು ಕಂಡಂಥವು.

ರೋಗ ಹರಡುವುದು ಒಂದು ಸಣ್ಣ ಕೀಟ. ಅದರ ಮರಿಗಳು ವಸಂತದಲ್ಲಿ ನೊರೆಯೊಳಗೆ ಕೂತು ಬೆಳೆಯುವುದು ಮರದ ಕೆಳಗಿನ ಹುಲ್ಲಿನಲ್ಲಿ. ಹಾಗಾಗಿ ಪುಲಿಯಾದಲ್ಲಿ ಸರ್ಕಾರ ವಸಂತದಲ್ಲಿ ಹುಲ್ಲು ಕಿತ್ತು ನೆಲ ಉಳಲೇಬೇಕು ಅಂತ ಆದೇಶ ಮಾಡಿತು. ಸ್ಪೇನಿನ ರೈತರಿಗೆ ಹುಲ್ಲು ಬಿಡು ಅಂತ ದುಡ್ಡು, ಇಟಲಿಯವರಿಗೆ ಹುಲ್ಲು ತೆಗಿ ಅಂತ ಕಾನೂನು. ಎರಡೂ ಅವರವರ ಜಾಗದಲ್ಲಿ ಸರಿಯೇ. ಒಳ್ಳೆಯ ಪದ್ಧತಿ ಅನ್ನುವುದು ಎಲ್ಲ ಊರಿಗೂ ಒಂದೇ ಪಟ್ಟಿಯಲ್ಲಿ ಬರಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಅಲ್ಲಿ ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ನಂಬಿಕೆಗೆ. ರೋಗ ತಡೆಯಲು ಸೋಂಕಿದ ಮರದ ಜೊತೆ ಸುತ್ತಲಿನ ಮರಗಳನ್ನೂ ಕಡಿಯಬೇಕು ಅಂದಾಗ ಜನ ಮರ ತಬ್ಬಿಕೊಂಡು ನಿಂತರು. ಅಜ್ಜ ಮುತ್ತಜ್ಜ ನೋಡಿಕೊಂಡ, ಇನ್ನೂ ಹಸಿರಾಗಿರುವ ಮರವನ್ನು ಒಂದು ಕಾಗದ ತೋರಿಸಿ ಕಡಿಯಿರಿ ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. 2015ರ ಡಿಸೆಂಬರ್‌ನಲ್ಲಿ ಲೆಚ್ಚೆ ಊರಿನ ಪ್ರಾಸಿಕ್ಯೂಟರ್‌ಗಳು ಕಡಿಯುವುದನ್ನೇ ನಿಲ್ಲಿಸಿ, ರೋಗದ ಮೇಲೆ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳ ಮೇಲೆ ತನಿಖೆ ಶುರು ಮಾಡಿದರು. 2019ರಲ್ಲಿ ಆ ಪ್ರಕರಣ ಕೈಬಿಟ್ಟರು. ಅಷ್ಟರಲ್ಲಿ ರೋಗ ಉತ್ತರಕ್ಕೆ ಹಬ್ಬಿತ್ತು. ನನಗೆ ಆ ರೈತರ ಮೇಲೂ ಸಿಟ್ಟಿಲ್ಲ, ಆ ವಿಜ್ಞಾನಿಗಳ ಮೇಲೂ ಇಲ್ಲ. ವರ್ಷಾನುಗಟ್ಟಲೆ ಯಾರೂ ಬಂದು ಮಾತಾಡಿಸದ ಹಳ್ಳಿಗೆ ಮೊದಲ ಸಲ ಬಂದವರು ಗರಗಸ ಹಿಡಿದು ಬಂದರೆ ಇನ್ನೇನಾಗುತ್ತದೆ? ಈಗ ಲೆಚ್ಚಿನೊ, ಫಾವೊಲೋಸಾ ಅನ್ನುವ, ರೋಗ ತಡೆದುಕೊಳ್ಳುವ ತಳಿಗಳನ್ನು ಅದೇ ನೆಲದಲ್ಲಿ ನೆಡುತ್ತಿದ್ದಾರೆ. ಹಳೆ ಮರದ ಬೊಡ್ಡೆಗೆ ಹೊಸ ತಳಿಯ ಕಸಿ ಕಟ್ಟಿ ಉಳಿಸಲು ನೋಡುತ್ತಿರುವವರೂ ಇದ್ದಾರೆ.

ಇದನ್ನು ಓದುವಾಗ ನನಗೆ ಕೊಪ್ಪ, ಶೃಂಗೇರಿ, ಸುಳ್ಯದ ಅಡಿಕೆ ತೋಟಗಳು ಕಣ್ಣಮುಂದೆ ಬರುತ್ತವೆ. ದಶಕಗಳಿಂದ ಹಳದಿ ಎಲೆ ರೋಗ. ಅದರ ಮೇಲೆ ಈಚೆಗೆ ಎಲೆಚುಕ್ಕೆ. ಮೊದಲಿಂದಲೂ ಇರುವ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಯುವುದು ನಮಗೆಲ್ಲ ಗೊತ್ತು. ಆಲಿವ್ ಎಲೆಗೂ ಒಂದು ಚುಕ್ಕೆರೋಗ ಇದೆ. ಅವರೂ ಹೊಡೆಯುವುದು ತಾಮ್ರವನ್ನೇ. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗಲ್ಲ, ಸೇರುತ್ತಾ ಹೋಗುತ್ತದೆ. ಹಾಗಾಗಿ ಯುರೋಪಿನಲ್ಲಿ ಒಂದು ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕಿಲೋ ದಾಟಬಾರದು ಅಂತ ಮಿತಿ ಹಾಕಿದ್ದಾರೆ. ಮಳೆ ಹೆಚ್ಚು ದಿನ ಹಿಡಿದರೆ ರೋಗ ಜಾಸ್ತಿ, ರೋಗ ಜಾಸ್ತಿಯಾದರೆ ಔಷಧಿ ಜಾಸ್ತಿ ಬೇಕು, ಮಿತಿ ಮಾತ್ರ ಹಾಗೇ ಇದೆ. ಮಧ್ಯದಲ್ಲಿ ಸಿಕ್ಕಿಕೊಂಡಿರುವುದು ರೈತರು. ಅವರು ಮಿತಿಯನ್ನು ಬೈದರೆ ಪರಿಸರ ವಿರೋಧಿ ಅಂತ ಹಣೆಪಟ್ಟಿ ಹಚ್ಚಬೇಡಿ ಅಂತ ನಾನು ಕೇಳಿಕೊಳ್ಳುತ್ತೇನೆ.

ನೀರಿನ ಕಥೆ ಹೇಳಲೇಬೇಕು. ಇಲ್ಲಿ ರೈತರು ಹೊಸ ತಂತ್ರಜ್ಞಾನವನ್ನು ಖುಷಿಯಿಂದಲೇ ಒಪ್ಪಿದರು. ಆದರೂ ನದಿಯಲ್ಲಿ ನೀರು ಉಳಿಯಲಿಲ್ಲ.

ಕಾರ್ಡೊಬಾ, ಹಾಯೆನ್ ಇರುವ ದಕ್ಷಿಣ ಸ್ಪೇನಿನ ಪ್ರದೇಶ ಆಂಡಲೂಸಿಯಾ. ಅದರ ಜೀವನಾಡಿ ಗ್ವಾದಲ್ಕಿವಿರ್ ನದಿ. ಆ ಬಯಲಿನಲ್ಲಿ ಹನಿ ನೀರಾವರಿ ಬಂದಾಗ ಆಲಿವ್ ರೈತರು ಮುಗಿಬಿದ್ದು ಹಾಕಿಸಿಕೊಂಡರು. ಸಬ್ಸಿಡಿಯೂ ಇತ್ತು. ಪ್ರತಿ ಮರಕ್ಕೆ ನೀರು ಕಮ್ಮಿ ಸಾಕಾಯಿತು. ಉಳಿದ ನೀರು ನದಿಗೆ ಹೋಗಬೇಕಿತ್ತು ಅಲ್ವಾ? ಹೋಗಲಿಲ್ಲ. ಅದೇ ನೀರಿನಿಂದ ಹಿಂದೆ ಮಳೆ ನಂಬಿದ್ದ ತೋಟಗಳು ನೀರಾವರಿ ತೋಟಗಳಾದವು. ಒಟ್ಟು ನೀರು ಉಳಿಯಲಿಲ್ಲ. 2022, 2023ರ ಬರದಲ್ಲಿ ಜಲಾಶಯ ಬರಿದಾಗಿ ಪಾಲು ಕತ್ತರಿಸಿದಾಗ, ನೀರು ಸಿಗುತ್ತದೆ ಅಂತ ನಂಬಿ ಖರ್ಚು ಮಾಡಿದವರಿಗೇ ಹೊಡೆತ ಜಾಸ್ತಿ. ಪಕ್ಕದ ಪೋರ್ಚುಗಲ್‌ನ ಅಲೆಂತೆಜೊದಲ್ಲಿ 2002ರಲ್ಲಿ ಅಲ್ಕೇವಾ ಅಣೆಕಟ್ಟು ತುಂಬಲು ಶುರುವಾದ ಮೇಲೆ ಬೇಲಿಯ ಹಾಗೆ ಒತ್ತೊತ್ತಾಗಿ ನೆಡುವ ಹೊಸ ಬಗೆಯ ತೋಟಗಳು ಎದ್ದವು. ಹೆಕ್ಟೇರಿಗೆ 1,500ರಿಂದ 2,000 ಗಿಡ. ಮೂರನೇ ವರ್ಷಕ್ಕೇ ಕಾಯಿ. ಗಿಡದ ಮೇಲೆ ಹಾದು ಹೋಗುವ ಯಂತ್ರದಲ್ಲಿ ಕೊಯ್ಲು. ರಾತ್ರಿ ಕೊಯ್ದಾಗ ಗಿಡದಲ್ಲಿ ಮಲಗಿದ್ದ ಹಕ್ಕಿಗಳು ಯಂತ್ರಕ್ಕೆ ಸಿಕ್ಕಿ ಸಾಯುತ್ತವೆ ಅಂತ ಗೊತ್ತಾಗಿ, ಆಂಡಲೂಸಿಯಾ 2019ರಲ್ಲಿ ರಾತ್ರಿ ಕೊಯ್ಲು ನಿಲ್ಲಿಸಿತು. ಇಂಥ ತೋಟಗಳ ಜೊತೆ ಬೆಲೆಯಲ್ಲಿ ಸೆಣಸಬೇಕಾದವರು ಹಾಯೆನ್ ಗುಡ್ಡದ ಮೇಲಿನ ಸಣ್ಣ ರೈತರು. ಅವರ ಇಳಿಜಾರಿಗೆ ಯಂತ್ರ ಹತ್ತಲ್ಲ. ಮಣ್ಣಿಗೆ, ಹಕ್ಕಿಗೆ, ಊರಿಗೆ ಬೇಕಾದ ತೋಟ ಅವರದ್ದೇ. ಕಮ್ಮಿ ಆದಾಯ ಸಿಗುವುದೂ ಅವರಿಗೇ.

ಚನ್ನಗಿರಿ, ಹೊಳಲ್ಕೆರೆ ಕಡೆಯವರು ಇಲ್ಲಿದ್ದರೆ ಈಗ ತಲೆ ಆಡಿಸುತ್ತಿರುತ್ತೀರಿ. ಮಲೆನಾಡಿನ ಬೆಳೆಯಾಗಿದ್ದ ಅಡಿಕೆ ಬೋರ್‌ವೆಲ್ ನಂಬಿ ಬಯಲುಸೀಮೆಗೆ ಬಂತು. ಹನಿ ನೀರಾವರಿಯಿಂದ ಉಳಿದ ನೀರಿಗೆ ಇನ್ನೊಂದು ಎಕರೆ ಸಸಿ ಬಂತು. 2024ರ ಬೇಸಿಗೆಯಲ್ಲಿ ಅಲ್ಲೂ ಟ್ಯಾಂಕರ್ ನೀರು ಕೊಂಡು ಮರ ಉಳಿಸಿಕೊಂಡವರಿದ್ದರು. ಬೆಂಗಳೂರಿನ ಅಪಾರ್ಟ್‌ಮೆಂಟಿಗೂ ಟ್ಯಾಂಕರ್, ಅಡಿಕೆ ಬುಡಕ್ಕೂ ಟ್ಯಾಂಕರ್. ಅವರು ತಿಳಿಯದೆ ಮಾಡಿದ್ದಲ್ಲ. ಜೋಳ, ಹತ್ತಿಯಲ್ಲಿ ಸಿಗದ ಬೆಲೆ ಅಡಿಕೆಯಲ್ಲಿ ಸಿಕ್ಕಿತು, ಮಕ್ಕಳ ಓದು ನಡೆಯಿತು. ಸುಮ್ನೆ ಬೈದು ಪ್ರಯೋಜನವಿಲ್ಲ.

ಇದಕ್ಕೆ ತದ್ವಿರುದ್ಧ ಟುನೀಷಿಯಾದ ಸ್ಫಾಕ್ಸ್. ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ. ಬೆಂಗಳೂರಿನಲ್ಲಿ 900 ದಾಟುತ್ತದೆ, ಹೋಲಿಸಿ ನೋಡಿ. ಅಲ್ಲಿನವರು ಮರದಿಂದ ಮರಕ್ಕೆ 24 ಮೀಟರ್ ದೂರ ಬಿಟ್ಟು ನೆಡುತ್ತಾರೆ. ಒಂದು ಹೆಕ್ಟೇರಿಗೆ ಬರೀ 17 ಮರ. ಪ್ರತಿ ಮರದ ಬೇರಿಗೆ ಅಷ್ಟು ದೊಡ್ಡ ಜಾಗದ ಮಳೆ ಸಿಗಬೇಕು ಅನ್ನುವುದು ಅವರ ಲೆಕ್ಕ. ಬೋರ್‌ವೆಲ್ ಇಲ್ಲದ ಕಾಲದಲ್ಲಿ ಮಳೆಯನ್ನು ನೋಡಿ ಮರದ ಸಂಖ್ಯೆ ತೀರ್ಮಾನಿಸಿದವರು ಅವರು. ಅಲ್ಲೂ ಈಗ ಬರ ಹೆಚ್ಚಿದೆ, ಅವರಿಗೂ ಕಷ್ಟ ಇದೆ. ಆದರೆ ನೀರು ಎಷ್ಟಿದೆ ಅಂತ ಮೊದಲು ನೋಡಿ ಆಮೇಲೆ ಎಷ್ಟು ನೆಡಬೇಕು ಅಂತ ಯೋಚಿಸುವ ಕ್ರಮ ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ.

ಇನ್ನು ಕಾಗದಪತ್ರ. ಆಂಡಲೂಸಿಯಾದ ಆಲಿವ್ ನೆಲವನ್ನು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿಸುವ ಪ್ರಯತ್ನ ನಡೆದಿತ್ತು. ಹೊರಗಿನವರಿಗೆ ಇದು ಗೌರವ. ಅಲ್ಲಿನ ರೈತರು ವಿರೋಧಿಸಿದರು. ನಾಳೆ ಒಂದು ಪೈಪ್ ಹಾಕಲು, ಒಂದು ಶೆಡ್ ಕಟ್ಟಲು, ತಳಿ ಬದಲಾಯಿಸಲು ಯಾರನ್ನು ಕೇಳಬೇಕು ಅನ್ನುವುದು ಅವರ ಆತಂಕ. 2023ರ ಆರಂಭದಲ್ಲಿ ಆ ಅರ್ಜಿ ಹಿಂದಕ್ಕೆ ಹೋಯಿತು. ನಮ್ಮ ಪಶ್ಚಿಮಘಟ್ಟದ ಹಳ್ಳಿಗಳಲ್ಲಿ ಕಸ್ತೂರಿರಂಗನ್ ವರದಿ ಅಂದ ಕೂಡಲೇ ಸಭೆ ಬಿಸಿಯಾಗುತ್ತದಲ್ಲ, ಅದೇ ಆತಂಕ. ಹಾಗೇ ಹಾಯೆನ್‌ನಲ್ಲಿ ಸೋಲಾರ್ ಪಾರ್ಕಿಗೆ ಆಲಿವ್ ತೋಟ ಬಿಟ್ಟುಕೊಡಬೇಕಾಗಿ ಬಂದಾಗ ರೈತರು ಬೀದಿಗಿಳಿದರು. ಹವಾಮಾನ ಉಳಿಸಲು ಅಂತ ಮರ ಕಡಿಯುವುದು ಅವರಿಗೆ ಅರ್ಥವಾಗಲಿಲ್ಲ. ನನಗೂ ಅರ್ಥವಾಗಲ್ಲ, ಬಂಜರು ನೆಲ ಬೇರೆ ಇರುವಾಗ.

ಈಗ ನಿಮ್ಮ ಪ್ರಶ್ನೆಗಳು.

ಒಬ್ಬರು ಕೇಳಿದರು: ಕರ್ನಾಟಕದಲ್ಲಿ ಆಲಿವ್ ಬೆಳೆಯಬಹುದಾ? ಗಿಡ ಬರುತ್ತದೆ. ನರ್ಸರಿಗಳಲ್ಲಿ ಸಿಗುತ್ತದೆ, ಕುಂಡದಲ್ಲಿ ಚೆನ್ನಾಗಿಯೂ ಕಾಣುತ್ತದೆ. ಬೆಳೆಯಾಗಿ ನಂಬಬೇಡಿ. ಹೂಮೊಗ್ಗಿಗೆ ಬೇಕಾದ ಚಳಿ ನಮ್ಮ ಬಯಲಿನಲ್ಲಿ ಇಲ್ಲ, ಮುಂಗಾರಿನ ತೇವವೂ ಅದಕ್ಕೆ ಒಗ್ಗಲ್ಲ. ರಾಜಸ್ಥಾನದಲ್ಲಿ 2007ರಲ್ಲಿ ಇದಕ್ಕಂತಲೇ ಒಂದು ಕಂಪನಿ ಮಾಡಿ, ಇಸ್ರೇಲಿನಿಂದ ಸಸಿ ತಂದು, ಹನಿ ನೀರಾವರಿಯಲ್ಲಿ ಬೆಳೆಸಿದರು. 2014ರಲ್ಲಿ ಬಿಕಾನೇರ್ ಹತ್ತಿರದ ಲೂಣಕರಣ್‌ಸರ್‌ನಲ್ಲಿ ಎಣ್ಣೆ ಘಟಕವೂ ಬಂತು. ಮರುಭೂಮಿಯ ಚಳಿಗಾಲದ ರಾತ್ರಿಗಳು ತಣ್ಣಗಿರುತ್ತವೆ, ಅದು ಅವರಿಗೆ ಅನುಕೂಲ. ನಮಗೆ ಆ ಚಳಿ ಇಲ್ಲ. ಯಾರಾದರೂ ಎಕರೆಗೆ ಇಷ್ಟು ಲಕ್ಷ ಅಂತ ಹೇಳಿ ಸಸಿ ಮಾರಲು ಬಂದರೆ, ನಮ್ಮ ಜಿಲ್ಲೆಯಲ್ಲಿ ಫಲ ಬಿಟ್ಟ ತೋಟ ತೋರಿಸಿ ಅಂತ ಕೇಳಿ.

ಇನ್ನೊಬ್ಬರ ಪ್ರಶ್ನೆ: ನಾವು ಪಟ್ಟಣದವರು ಏನು ಮಾಡಬಹುದು? ಬೆಲೆ ಏರಿದಾಗ ಮಾತ್ರ ರೈತರನ್ನು ನೆನಪಿಸಿಕೊಳ್ಳುವುದು ಬಿಡಬಹುದು. 2025ಕ್ಕೆ ಸ್ಪೇನಿನಲ್ಲಿ ಫಸಲು ಚೇತರಿಸಿಕೊಂಡಿತು, ಗಾಣದ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಬರ ಬಂದಾಗ ಎಣ್ಣೆ ಇಲ್ಲ, ಮಳೆ ಬಂದಾಗ ಬೆಲೆ ಇಲ್ಲ. ಶ್ರೀನಿವಾಸಪುರದ ಮಾವು ರಸ್ತೆ ಬದಿಗೆ ಸುರಿದದ್ದನ್ನು ಕಂಡವರಿಗೆ ಇದು ಹೊಸದಲ್ಲ. ನಿಮ್ಮೂರಿನ ತೋಟ ಇನ್ನೂ ಮನೆಯವರ ಹತ್ತಿರ ಇದ್ದರೆ, ಅದರ ಖರ್ಚುವೆಚ್ಚದ ಲೆಕ್ಕ ಕೂತು ಕೇಳಿ. ದುಡ್ಡು ಕಳಿಸುವುದಕ್ಕಿಂತ ಎಷ್ಟೋ ಸಲ ಅದು ಜಾಸ್ತಿ ಬೇಕಾಗಿರುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಚನ್ನಗಿರಿ ಹತ್ತಿರ ನಾಲ್ಕು ಎಕರೆ ಅಡಿಕೆ. ಮಗನ ಮನೆಗೆ ಬಂದವರು. ಅವರು ಕೇಳಿದ್ದು, ಸ್ಪೇನು ಇಟಲಿ ಎಲ್ಲ ಸರಿ, ನಾನು ಈ ವರ್ಷ ಏನು ಮಾಡಲಿ ಅಂತ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಯಜಮಾನರೇ, ಹೊಸದಾಗಿ ಸಸಿ ಇಡುವುದನ್ನು ಸದ್ಯ ನಿಲ್ಲಿಸಿ. ಇರುವ ಬೋರ್‌ವೆಲ್ ಕೆಟ್ಟ ಬೇಸಿಗೆಯಲ್ಲಿ ಎಷ್ಟು ಎಕರೆ ಸಾಕುತ್ತದೆ ಅಂತ 2024ರ ಲೆಕ್ಕ ಇಟ್ಟುಕೊಂಡು ನೋಡಿ, ಒಳ್ಳೆ ವರ್ಷದ ಲೆಕ್ಕ ಬೇಡ. ನಾಲ್ಕು ಎಕರೆಯಲ್ಲೂ ಒಟ್ಟಿಗೆ ಏನನ್ನೂ ಬದಲಾಯಿಸಬೇಡಿ. ಒಂದು ಎಕರೆಯಲ್ಲಿ ಕಳೆನಾಶಕ ಹೊಡೆಯುವುದನ್ನು ನಿಲ್ಲಿಸಿ. ಮಳೆಗಾಲದಲ್ಲಿ ಹುಲ್ಲು ಬರಲಿ, ಮಳೆ ಹಿಂದೆ ಸರಿಯುವ ಹೊತ್ತಿಗೆ ಕತ್ತರಿಸಿ ಬುಡಕ್ಕೆ ಹಾಕಿ. ಸೋಗೆ, ಹಾಳೆ ಸುಡಬೇಡಿ, ಅದನ್ನೂ ಅಲ್ಲೇ ಮುಚ್ಚಿಗೆ ಮಾಡಿ. ಫೆಬ್ರವರಿಯಿಂದ ಎರಡೂ ಕಡೆ ಎಷ್ಟು ದಿನಕ್ಕೊಮ್ಮೆ ನೀರು ಬಿಡಬೇಕಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹವಾಮಾನ ಆಧಾರಿತ ವಿಮೆಯ ಕಂತು ಕಟ್ಟಿ. ನಿಮ್ಮ ಪಾಲು ವಿಮಾ ಮೊತ್ತದ ನೂರಕ್ಕೆ ಐದರಷ್ಟು. ಅದರ ಜೊತೆ ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ, ಕೆಲಸ ಮಾಡುತ್ತಿದೆಯಾ ಅಂತ ಹೋಗಿ ನೋಡಿ, ಯಾಕಂದರೆ ಪರಿಹಾರ ಬರುವುದು ಅದು ತೋರಿಸುವ ಲೆಕ್ಕದ ಮೇಲೆ. ಅವರು ಮಗನ ಕಡೆ ತಿರುಗಿ, ನೋಟ್‌ಬುಕ್ಕಿನ ಕೆಲಸ ನಿನ್ನದು, ಪ್ರತಿ ಭಾನುವಾರ ಫೋನ್ ಮಾಡಿ ಕೇಳಿ ಬರ್ಕೋ ಅಂದರು. ಮಗ ಒಪ್ಪಿಕೊಂಡ.